ದಿಬ್ಬಗಳ ಬಗ್ಗೆ ಬಹುಮತದ ಠರಾವು

ಮಾರ್ಚ್ 3, ಸೋಮವಾರ

ಕೊಡುತ್ತೇವೆ ಎಂದದ್ದು: ನಿಲ್ಲಲು ನೆರಳು. ಕುಡಿಯಲು ನಲ್ಲಿ. ಹೆಂಗಸರಿಗೊಂದು ಶೌಚಾಲಯ. ಮಳೆಗಾಲಕ್ಕೆ ಕೊಡೆ. ಕೊರಳಿಗೆ ಗುರುತಿನ ಚೀಟಿ. ಐದು ವರ್ಷ ಪೂರೈಸಿದವರಿಗೆ ಖಾಯಂ ಆದೇಶ.

ಕೊಟ್ಟದ್ದು: ಗುರುತಿನ ಚೀಟಿಯ ದಾರ. ಚೀಟಿ ಇನ್ನೂ ಬಂದಿಲ್ಲ. ನಾವು ಎಂಟು ಜನ ಮಾರ್ಗದರ್ಶಕರು ಎರಡು ವರ್ಷದಿಂದ ಬರೀ ದಾರ ನೇತುಹಾಕಿಕೊಂಡು ಪ್ರವಾಸಿಗರನ್ನು ಈ ಬಯಲಲ್ಲಿ ಸುತ್ತಾಡಿಸುತ್ತಿದ್ದೇವೆ. ಶೌಚಾಲಯಕ್ಕೆ ಆರು ವರ್ಷದ ಹಿಂದೆ ಗುಂಡಿ ತೋಡಿದರು. ತೋಡುತ್ತಿದ್ದವರು ಊಟಕ್ಕೆ ಹೋದರು, ವಾಪಸ್ಸು ಬರಲಿಲ್ಲ.

ಕಸಿದದ್ದು, ಇವತ್ತು ಬೆಳಿಗ್ಗೆ ಹತ್ತೂವರೆಗೆ: ಕೆಲಸ.

ಸಾಹೇಬರು ಎಂಟೂ ಜನರನ್ನು ಕಚೇರಿಗೆ ಕರೆಸಿದರು. ಮೇಜಿನ ಮೇಲೆ ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ಕಪ್ಪು ಡಬ್ಬಿ, ಅದಕ್ಕೊಂದು ಕಿವಿಗೆ ಹಾಕುವ ವೈರು. ಏಪ್ರಿಲ್ ಒಂದರಿಂದ ಬಂದವರಿಗೆಲ್ಲ ಇದನ್ನೇ ಕೊಡುವುದಂತೆ. ಡಬ್ಬಿ ಮಾತಾಡುತ್ತದೆ, ಜನ ನಡೆಯುತ್ತಾರೆ, ನಾವು ಮನೆಗೆ ಹೋಗುತ್ತೇವೆ.

"ಈ ಬಯಲಲ್ಲಿ ನಾನೂರ ಹನ್ನೆರಡು ದಿಬ್ಬ ಇವೆ" ಎಂದರು ಸಾಹೇಬರು. "ಎಲ್ಲಾ ದುಂಡಗೆ, ಎಲ್ಲಾ ಸೊಂಟದೆತ್ತರ. ಅವು ಹೇಗೆ ಆದವು ಅಂತ ಜನ ದೂರದಿಂದ ಬಂದು ಕೇಳ್ತಾರೆ. ನೀವು ಎಂಟು ಜನ ಸೇರಿ ನಾಲ್ಕು ಥರ ಹೇಳ್ತೀರಿ. ಇಲ್ಲಿ ನೋಡಿ, ದೂರಿನ ಪುಸ್ತಕ. ಒಬ್ಬ ಮೇಷ್ಟ್ರು ಮೂರು ಸಲ ಬಂದಿದ್ದಾರೆ, ಮೂರು ಸಲವೂ ಬೇರೆ ಬೇರೆ ಉತ್ತರ. ಡಬ್ಬಿ ಒಂದೇ ಥರ ಹೇಳುತ್ತೆ."

"ಡಬ್ಬಿಗೆ ಯಾರಾದರೂ ಎದುರು ಪ್ರಶ್ನೆ ಹಾಕಿದರೆ?" ಎಂದೆ.

"ಅದಕ್ಕೇ ಡಬ್ಬಿ ತಂದಿದ್ದು."

ನಾನು ಮೇಜು ಗುದ್ದಿದೆ. ಡಬ್ಬಿ ತಾನಾಗಿ ಶುರುವಾಗಿ "ಸ್ವಾಗತ" ಎಂದಿತು. ಅರ್ಧ ಗಂಟೆ ಕೂಗಾಡಿದ ಮೇಲೆ ಸಾಹೇಬರು ಒಂದು ಮಾತು ಬಿಟ್ಟುಕೊಟ್ಟರು: ಇಪ್ಪತ್ತೇಳಕ್ಕೆ ಮೇಲಧಿಕಾರಿ ತಪಾಸಣೆಗೆ ಬರುತ್ತಾರೆ, ಅಷ್ಟರೊಳಗೆ ನೀವು ಎಂಟು ಜನ ಒಂದೇ ಮಾತು ಹೇಳುವುದನ್ನು ಕಲಿತರೆ ಡಬ್ಬಿ ಬೇಡ ಅಂತ ನಾನೇ ಹೇಳುತ್ತೇನೆ.

ಒಂದೇ ಮಾತು ಹೇಳಿಸುವುದು ನನಗೆ ಕಲಿಸಿಕೊಡಬೇಕೇ? ಸಂಘದ ಕಾರ್ಯದರ್ಶಿ ನಾನು. ಹನ್ನೊಂದು ವರ್ಷ ಬಟ್ಟೆ ಗಿರಣಿಯಲ್ಲಿ ದುಡಿದು, ಅದರ ಗೇಟಿನ ಮುಂದೆ ನಲವತ್ತೊಂದು ದಿನ ಧರಣಿ ಕೂತವಳು. ಒಂಬೈನೂರು ಜನರಿಂದ ಒಂದೇ ಘೋಷಣೆ ಕೂಗಿಸಿದ್ದೇನೆ, ಇವರು ಬರೀ ಎಂಟು.

ದಿಬ್ಬ ಹೇಗಾದವು ಎಂಬುದರಲ್ಲಿ ನನಗೆ ಎಳ್ಳಷ್ಟೂ ಆಸಕ್ತಿ ಇಲ್ಲ. ಮಣ್ಣು, ಅಷ್ಟೆ. ಯಾರಾದರೂ ಕೇಳಿದರೆ ಮುಂದಿನ ಗುಂಪಿನ ಕಡೆ ಕೈ ತೋರಿಸುತ್ತೇನೆ.

ಮಾರ್ಚ್ 5, ಬುಧವಾರ

ತುರ್ತು ಸಭೆ. ಸ್ಥಳ: ಟಿಕೆಟ್ ಕಿಟಕಿಯ ಹಿಂಭಾಗ. ಮಧ್ಯಾಹ್ನ ಮೂರರ ಮೇಲೆ ಅಲ್ಲಿ ಗೋಡೆಯ ನೆರಳು ಬೀಳುತ್ತದೆ. ವಿಷಯ: ದಿಬ್ಬಗಳು ಹೇಗಾದವು.

ಗೆದ್ದಲಣ್ಣ ನಮ್ಮಲ್ಲಿ ಹಿರಿಯ. ಇಪ್ಪತ್ತಾರು ವರ್ಷದಿಂದ ಇವನ್ನೆಲ್ಲ ಗೆದ್ದಲು ಕಟ್ಟಿದ್ದು ಎಂದೇ ಹೇಳಿಕೊಂಡು ಬಂದವನು. ಅವನ ಭಾವಮೈದುನನೂ ಮಾರ್ಗದರ್ಶಕ, ಅವನೂ ಗೆದ್ದಲೇ. ಅಕ್ಕನ ಮನೆಯಲ್ಲಿ ಊಟ ಆಗಬೇಕಲ್ಲ. ಗಾಳಿಯ ಕಡೆ ಮೂವರು. ಹಿಂದೆ ಇಲ್ಲೆಲ್ಲ ಪೊದೆ ಇದ್ದವು, ಗಾಳಿ ತಂದ ಮಣ್ಣು ಪೊದೆಯ ಬುಡದಲ್ಲಿ ಕೂತೂ ಕೂತೂ ದಿಬ್ಬವಾಯಿತು, ಪೊದೆ ಸತ್ತಿತು, ದಿಬ್ಬ ಉಳಿಯಿತು ಎನ್ನುತ್ತಾರೆ. ಭೂಕಂಪ ಅಂತ ನಾವು ಕರೆಯುವ ಹೆಂಗಸು ಒಂಟಿ. ಅವಳು ಒಂದು ತಟ್ಟೆಯಲ್ಲಿ ಮರಳು ಹಾಕಿಕೊಂಡು ಬಂದು, ತಳಕ್ಕೆ ಚಮಚದಿಂದ ಬಡಿದು ತೋರಿಸಿದಳು. ಮರಳು ಅಲ್ಲಲ್ಲಿ ಗುಪ್ಪೆಯಾಯಿತು, ಉಳಿದದ್ದು ಗೆದ್ದಲಣ್ಣನ ಅಂಗಿಯ ಮೇಲೆ ಬಿತ್ತು. ಗೋರಿ ಮಾಮನ ಪ್ರಕಾರ ಇವು ಯಾವುದೋ ಯುದ್ಧದಲ್ಲಿ ಸತ್ತವರ ಗೋರಿ. ಯಾವ ಯುದ್ಧ ಅಂತ ದಿನಕ್ಕೊಂದು ಹೇಳುತ್ತಾನೆ. ಆದರೆ ಅವನ ಗುಂಪಿನವರು ಮಾತ್ರ ಕಣ್ಣೊರೆಸಿಕೊಂಡು ಹೊರಗೆ ಬರುತ್ತಾರೆ. ನಮ್ಮ ಗುಂಪಿನವರು ಆಕಳಿಸುತ್ತ ಬರುತ್ತಾರೆ.

ಗಾಳಿಯವರಲ್ಲೊಬ್ಬ ನಡುವೆ ಪ್ರವಾಹವೂ ಇರಬಹುದು ಎಂದ, ಅನುಮೋದಿಸುವವರಿಲ್ಲದೆ ಅದು ಅಲ್ಲೇ ಬಿತ್ತು. ಮತಕ್ಕೆ ಹಾಕಿದೆ. ಗಾಳಿ ಮೂರು, ಗೆದ್ದಲು ಎರಡು, ಭೂಕಂಪ ಒಂದು, ಗೋರಿ ಒಂದು. ಕಾರ್ಯದರ್ಶಿ ತಟಸ್ಥ. ಯಾರಿಗೂ ಬಹುಮತವಿಲ್ಲ.

"ಅಲ್ಲಾ, ದಿಬ್ಬ ಹುಟ್ಟಿದ್ದನ್ನ ಕೈ ಎತ್ತಿ ತೀರ್ಮಾನ ಮಾಡೋದಾ?" ಎಂದಳು ಭೂಕಂಪ.

"ಸಂಘದಲ್ಲಿ ಬಹುಮತಕ್ಕಿಂತ ದೊಡ್ಡದು ಯಾವುದೂ ಇಲ್ಲ" ಎಂದೆ.

"ನೆಲ ನಡುಗೋವಾಗ ಯಾರ ಬಹುಮತ ಕೇಳಿತ್ತು?"

ಶಿಸ್ತಿಲ್ಲದ ಹೆಂಗಸು. ಇಂಥವರಿಂದಲೇ ಗಿರಣಿ ಮುಚ್ಚಿದ್ದು.

ಮಾರ್ಚ್ 8, ಶನಿವಾರ

ಎರಡನೇ ಸಭೆ, ಮೂರೂವರೆ ಗಂಟೆ ಕಾಲ. ಹದಿನಾಲ್ಕು ತಿದ್ದುಪಡಿ. ಕಡೆಗೂ ಠರಾವು ಪಾಸಾಯಿತು:

"ಈ ದಿಬ್ಬಗಳು ಮೂಲತಃ ಗಾಳಿಯಿಂದ, ಗೆದ್ದಲಿನ ಸಕ್ರಿಯ ಸಹಕಾರದೊಂದಿಗೆ, ಭೂಕಂಪದ ಆರಂಭಿಕ ನೆರವು ಪಡೆದು ಉಂಟಾಗಿರುತ್ತವೆ. ಗೋರಿಗಳ ಸಾಧ್ಯತೆಯನ್ನು ಈ ಸಭೆಯು ಗೌರವಪೂರ್ವಕವಾಗಿ ಪರಿಶೀಲನೆಯಲ್ಲಿ ಇಟ್ಟಿರುತ್ತದೆ."

"ಆರಂಭಿಕ" ಎಂಬಲ್ಲಿ "ನಿರ್ಣಾಯಕ" ಆಗಬೇಕೆಂದು ಭೂಕಂಪ ಭಿನ್ನಮತ ದಾಖಲಿಸಿದ್ದಾಳೆ. ದಾಖಲಿಸಿಕೊಳ್ಳಲಿ.

ಮನೆಗೆ ಬಂದು ಗಂಡನಿಗೆ ಓದಿ ಹೇಳಿದೆ. ದರ್ಜಿ ಅವನು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಪೂರ್ತಿ ಕೇಳಿದ, ಒಂದೊಂದೇ ಪಿನ್ನು ತೆಗೆದಿಟ್ಟ.

"ಕಾರ್ಯದರ್ಶಿಗಳೇ, ಇದು ದಿಬ್ಬ ಹುಟ್ಟಿದ ಕಥೆಯೋ, ಸಮ್ಮಿಶ್ರ ಸರ್ಕಾರ ಹುಟ್ಟಿದ ಕಥೆಯೋ?"

ಠರಾವು ಮಡಚಿಟ್ಟೆ. ಚಳವಳಿ ಗೊತ್ತಿಲ್ಲದವರ ಹತ್ತಿರ ಏನು ಮಾತು!

ಮಾರ್ಚ್ 11, ಮಂಗಳವಾರ

ಠರಾವಿನ ಮೊದಲ ದಿನ. ಎಂಟೂ ಜನ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಹನ್ನೊಂದು ಗಂಟೆವರೆಗೆ ಶಿಸ್ತು ಇತ್ತು. ಹನ್ನೊಂದೂ ಕಾಲಿಗೆ ಗೋರಿ ಮಾಮನ ಗುಂಪಿನಲ್ಲಿ ಒಬ್ಬ ಹೆಂಗಸು ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು. ಗಾಳಿ ಗೆದ್ದಲು ಕೇಳಿ ಯಾರು ಅಳುತ್ತಾರೆ? ಹೋಗಿ ನೋಡಿದರೆ, "ಈ ಮೂರನೇ ದಿಬ್ಬದಲ್ಲಿ ಮಲಗಿರೋನಿಗೆ ಮದುವೆ ಆಗಿ ಒಂಬತ್ತು ದಿನ ಆಗಿತ್ತು" ಅನ್ನುತ್ತಿದ್ದಾನೆ.

"ಮಾಮ, ಠರಾವು ಏನಾಯ್ತು?"

"ಪರಿಶೀಲನೆಯಲ್ಲಿ ಇಟ್ಟಿದ್ದೀವಲ್ಲಮ್ಮ. ನಾನು ಪರಿಶೀಲಿಸ್ತಾ ಇದ್ದೆ."

ಕಾರಣ ಕೇಳಿ ನೋಟಿಸು ಕೊಟ್ಟೆ.

ನನ್ನ ಗುಂಪಿನಲ್ಲೂ ಒಂದು ಗಲಾಟೆ. ಠರಾವು ಒಂದಕ್ಷರ ಬಿಡದೆ ಹೇಳಿದೆ. ಕನ್ನಡಕದ ಮುದುಕಿಯೊಬ್ಬಳು ಕೈ ಎತ್ತಿದಳು: "ಅಷ್ಟೆಲ್ಲ ಜನ ಸೇರಿ ಮಾಡಿದ್ದು ಅಂತೀಯಲ್ಲಮ್ಮ, ಮತ್ತೆ ಎಲ್ಲಾ ಇಷ್ಟೇ ಎತ್ತರಕ್ಕೆ ಯಾಕೆ ನಿಂತವು? ಒಂದಾದರೂ ಮೇಲಕ್ಕೆ ಹೋಗಬಾರದಿತ್ತಾ?"

ಠರಾವಿನಲ್ಲಿ ಎತ್ತರದ ವಿಷಯ ಇರಲಿಲ್ಲ. "ಮುಂದಿನ ಸಭೆಯಲ್ಲಿ ಚರ್ಚೆಗೆ ಬರುತ್ತೆ" ಎಂದೆ. ಮುದುಕಿ ನನ್ನನ್ನು ನೋಡಿದ ರೀತಿ ಇತ್ತಲ್ಲ, ಗಿರಣಿ ಮಾಲೀಕನೂ ಹಾಗೆ ನೋಡಿರಲಿಲ್ಲ.

ಮಾರ್ಚ್ 12, ಬುಧವಾರ

ಗಂಡನ ಟೇಪು ತೆಗೆದುಕೊಂಡು ಹೋಗಿದ್ದೆ. ಹತ್ತು ದಿಬ್ಬ ಅಳೆದೆ. ಎತ್ತರದಲ್ಲಿ ನಾಲ್ಕು ಇಂಚಿಗಿಂತ ಹೆಚ್ಚಿನ ವ್ಯತ್ಯಾಸವಿಲ್ಲ. ಮೇಲಧಿಕಾರಿ ಕೇಳಿದರೆ ಉತ್ತರ ಇರಲಿ ಎಂದು ಅಷ್ಟೇ.

ಮಾರ್ಚ್ 15, ಶನಿವಾರ

ವಿಶ್ವವಿದ್ಯಾಲಯದಿಂದ ಒಬ್ಬ ಸಂಶೋಧಕಿ ಬಂದಿದ್ದಾಳೆ. ಮೂವತ್ತರ ಒಳಗಿನ ಹುಡುಗಿ, ದೊಡ್ಡ ಟೋಪಿ, ಜೇಬಿನ ತುಂಬ ಪ್ಲಾಸ್ಟಿಕ್ ಚೀಲ. ಗಾಳಿಯವರು ಅವಳಿಗೆ ನೀರು ಕೊಟ್ಟು ತಮ್ಮ ಕಡೆ ಎಳೆಯಲು ನೋಡಿದರು. ಗೆದ್ದಲಣ್ಣ ಕೂರಲು ಕುರ್ಚಿಯನ್ನೇ ತಂದ. ನಾನು ನೇರವಾಗಿ ಕೇಳಿದೆ:

"ನೀವು ಯಾರ ಕಡೆ? ಗಾಳಿಯಾ, ಗೆದ್ದಲಾ?"

"ಯಾರ ಕಡೆಯೂ ಇಲ್ಲಕ್ಕಾ. ನನಗೆ ಗೊತ್ತಿಲ್ಲ."

"ಓದಿದವರಿಗೇ ಗೊತ್ತಿಲ್ವಾ?"

"ನಾನು ಹುಟ್ಟೋಕೆ ಮುಂಚಿನಿಂದ ಜಗಳ ನಡೀತಾ ಇದೆ. ಹೋದ ವರ್ಷ ಸಮ್ಮೇಳನದಲ್ಲಿ ಇಬ್ಬರು ಪ್ರೊಫೆಸರು ಮೈಕು ಕಿತ್ತಾಡಿದರು. ಒಬ್ಬರ ಕನ್ನಡಕ ಒಡೀತು."

ಕೇಳಿ ಮನಸ್ಸಿಗೆ ಹಿತವಾಯಿತು. ಅವರದ್ದೂ ಸಂಘವೇ ಹಾಗಾದರೆ.

ಒಂದು ದಿಬ್ಬವನ್ನು ಅಡ್ಡಲಾಗಿ ಸೀಳಿ ಒಳಗೆ ನೋಡಬೇಕೆಂದು ಅವಳು ಅರ್ಜಿ ಹಾಕಿ ಹದಿನಾಲ್ಕು ತಿಂಗಳಾಯಿತಂತೆ. ಸಾಹೇಬರ ಮೇಜಿನ ಮೇಲೇ ಇದೆಯಂತೆ. "ಹದಿನಾಲ್ಕು ತಿಂಗಳಾ? ನಮಗೆ ದಾರ ಕೊಡೋಕೆ ಮೂರು ವರ್ಷ ತಗೊಂಡರು" ಎಂದೆ. ಇಬ್ಬರೂ ನಕ್ಕೆವು.

ಮಾರ್ಚ್ 18, ಮಂಗಳವಾರ

ಸಂಶೋಧಕಿ ಒಂದು ವಿಷಯ ತೋರಿಸಿದಳು. ದಿಬ್ಬದ ಮೇಲಿನ ಕಲ್ಲುಗಳೆಲ್ಲ ಸಣ್ಣವು, ನಿಂಬೆಹಣ್ಣಿಗಿಂತ ದೊಡ್ಡದು ಒಂದೂ ಇಲ್ಲ. ದಿಬ್ಬ ದಿಬ್ಬದ ನಡುವಿನ ನೆಲದಲ್ಲಿ ತೆಂಗಿನಕಾಯಿ ಗಾತ್ರದವು ಬಿದ್ದಿವೆ. ಒಂಬತ್ತು ವರ್ಷ ಈ ಕಲ್ಲು ಎಡವಿಕೊಂಡು ಓಡಾಡಿದ್ದೇನೆ, ಕಣ್ಣಿಗೇ ಬಿದ್ದಿರಲಿಲ್ಲ. ಗಾಳಿ ತಂದಿದ್ದರೆ ಕಲ್ಲೇ ಇರಬಾರದು. ಗೆದ್ದಲು ನಿಂಬೆಹಣ್ಣು ಹೊರುತ್ತದೆಯೇ? ಗೆದ್ದಲಣ್ಣನನ್ನು ಕೇಳಿದೆ. "ಎಲ್ಲಾ ಸೇರಿ ಹೊರ್ತವೆ. ಅದೇ ಅಲ್ವಾ ಸಂಘಟನೆ?" ಎಂದ.

ಈ ಕಲ್ಲಿನ ವಿಷಯ ಠರಾವಿಗೆ ಅಡ್ಡಿಯಾಗಬಹುದು. ಆದ್ದರಿಂದ ಎಲ್ಲಾ ದಿಬ್ಬದ ಕಲ್ಲೂ ನೋಡಿಡುವುದು ಕಾರ್ಯದರ್ಶಿಯ ಜವಾಬ್ದಾರಿ.

ಮಾರ್ಚ್ 19, ಬುಧವಾರ

ಬರೆಯುವಂಥದ್ದು ಏನೂ ಇಲ್ಲ. ದಿಬ್ಬ 61ರಿಂದ 88. ನಿಂಬೆಹಣ್ಣಿನ ಗಾತ್ರದ ಕಲ್ಲು ದೂಡಿದ್ದು ಹೆಗ್ಗಣವೇ? ಹೆಗ್ಗಣದ ಹೆಸರನ್ನು ಇದುವರೆಗೆ ಯಾರೂ ಎತ್ತಿಲ್ಲ.

ಮಾರ್ಚ್ 20, ಗುರುವಾರ

ದಿಬ್ಬ 89ರಿಂದ 131. ಹಳ್ಳದ ಈಚೆ ನಾನೂರ ಹನ್ನೆರಡು, ಆಚೆ ದಡದಲ್ಲಿ ಒಂದೂ ಇಲ್ಲ. ಯಾಕೆ? ಅದೇ ಮಣ್ಣು, ಅದೇ ಹುಲ್ಲು. ಊಟದ ಹೊತ್ತಿನಲ್ಲಿ ಹಳ್ಳ ದಾಟಿ ಹೋಗಿ ನೋಡಿ ಬಂದೆ. ಸಂಘದ ಮನವಿ ಬರೆಯಲು ಕೂರಬೇಕಿತ್ತು, ಹೊತ್ತು ಸಿಗಲಿಲ್ಲ.

ಗಂಡ ಟೇಪಿಗಾಗಿ ಮನೆಯೆಲ್ಲ ಹುಡುಕಿ, ಗಿರಾಕಿಯ ಸೊಂಟವನ್ನು ಗೇಣಿನಲ್ಲಿ ಅಳೆದನಂತೆ. "ಪ್ಯಾಂಟು ಉದುರಿದರೆ ನಿಮ್ಮ ಸಂಘ ಹೊಣೆ" ಎಂದ.

ಮಾರ್ಚ್ 22, ಶನಿವಾರ

ಬೆಳಿಗ್ಗೆ ಹೋದರೆ ಬೇಲಿಯ ಹತ್ತಿರ ಜನವೋ ಜನ. ಹಗ್ಗ ಕಟ್ಟಿದ್ದಾರೆ. ಸಾಹೇಬರು ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿದ್ದಾರೆ. ಪತ್ರಿಕೆಯವರು ಇಬ್ಬರು. ಸಂಶೋಧಕಿಯ ಮುಖದಲ್ಲಿ ಬೆಳಕು.

"ಅಕ್ಕಾ, ಹಳೇ ನಕ್ಷೆಯಲ್ಲಿ ಇಲ್ಲದ ದಿಬ್ಬ ಇದು! ಏಳು ವರ್ಷದ ಹಿಂದಿನ ಆಕಾಶದ ಫೋಟೋದಲ್ಲೂ ಇಲ್ಲ. ಹೊಸದಾಗಿ ಹುಟ್ಟಿದೆ. ನಮ್ಮ ಕಣ್ಣೆದುರು ಬೆಳೀತಾ ಇದೆ. ಇದರಿಂದ ಪೂರ್ತಿ ಜಗಳ ಮುಗಿಯುತ್ತೆ!"

ದುಂಡಗೆ, ಸೊಂಟದೆತ್ತರ, ಮೇಲೆ ಹುಲ್ಲು. ನಾನೂರ ಹದಿಮೂರನೆಯದು.

ನನಗೆ ನೋಡಿದ ತಕ್ಷಣ ಗೊತ್ತಾಯಿತು. ಶೌಚಾಲಯದ ಗುಂಡಿ ತೋಡಿದಾಗ ಹಾಕಿದ ಮಣ್ಣು ಅದು. ಗುಂಡಿ ಮಳೆಗೆ ಕುಸಿದು ಮುಚ್ಚಿಹೋಯಿತು, ಮಣ್ಣಿನ ರಾಶಿ ಉಳಿಯಿತು. ಅದರ ನೆತ್ತಿಯ ಮೇಲೆ ನಿಂತು "ಎಲ್ಲಿ ನಮ್ಮ ಶೌಚಾಲಯ" ಎಂದು ನಾನೇ ಭಾಷಣ ಮಾಡಿದ್ದೇನೆ. ಸಾಹೇಬರು ಆಗ ಎದುರಿಗೇ ನಿಂತಿದ್ದರು.

ಅವರು ನನ್ನ ಕಡೆ ನೋಡಿದರು. ನಾನು ಅವರ ಕಡೆ ನೋಡಿದೆ. ಅಷ್ಟರಲ್ಲಿ ಗೋರಿ ಮಾಮ ಹೊಸ ದಿಬ್ಬದ ಪಕ್ಕ ನಿಂತು ಟೋಪಿ ತೆಗೆದ.

ಮಾರ್ಚ್ 24, ಸೋಮವಾರ

ಸಾಹೇಬರು ಒಬ್ಬಳನ್ನೇ ಕರೆಸಿದರು. ಕೂರಲು ಹೇಳಿದರು. ಒಂಬತ್ತು ವರ್ಷದಲ್ಲಿ ಮೊದಲ ಸಲ.

"ನೋಡೀಮ್ಮ, ಡಬ್ಬೀಲಿ ಹಾಕಿರೋದು ಹಳೇ ಕಥೆ. ಬೆಳೆಯೋ ದಿಬ್ಬದ ಬಗ್ಗೆ ಅದಕ್ಕೆ ಗೊತ್ತಿಲ್ಲ. ದಿನಾ ಬೆಳೆಯೋದನ್ನ ದಿನಾ ಹೇಳೋಕೆ ಜೀವ ಇರೋ ಮನುಷ್ಯರೇ ಬೇಕು. ಡಬ್ಬಿ ವಾಪಸ್ಸು, ಎಂಟು ಜನರ ಕೆಲಸ ಭದ್ರ. ಗುರುವಾರ ಮೇಲಧಿಕಾರಿ ಎದುರು ನೀವು ಹಳೇದೆಲ್ಲ ಕೆದಕದೆ ಇದ್ದರೆ ಸಾಕು."

"ಯಾವ ಹಳೇದು?"

"ಅದೇ, ಗುಂಡಿ ಗಿಂಡಿ."

ಎಂಟು ಮನೆ. ಗೆದ್ದಲಣ್ಣನಿಗೆ ಈ ವಯಸ್ಸಿನಲ್ಲಿ ಯಾರು ಕೆಲಸ ಕೊಡುತ್ತಾರೆ? ಭೂಕಂಪಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಒಂದು ಸುಳ್ಳೂ ಹೇಳಬೇಕಾಗಿಲ್ಲ, ಬಾಯಿ ಮುಚ್ಚಿಕೊಂಡರೆ ಸಾಕು. ಸಂಧಾನದಲ್ಲಿ ಇದಕ್ಕಿಂತ ದೊಡ್ಡ ಗೆಲುವು ನನಗೆ ಎಂದೂ ಸಿಕ್ಕಿಲ್ಲ. "ಯೋಚಿಸಿ ಹೇಳ್ತೀನಿ" ಎಂದು ಎದ್ದೆ.

ಬರುವಾಗ ಹಗ್ಗದಾಚೆ ಬಗ್ಗಿ ನೋಡಿದೆ. ಆ ರಾಶಿಯ ಹೊಟ್ಟೆಯಿಂದ ಕುಂಬಳಕಾಯಿ ಗಾತ್ರದ ಕಲ್ಲು ಇಣುಕುತ್ತಿದೆ. ಇದುವರೆಗೆ ನೋಡಿದ ಇನ್ನೂರ ಆರು ದಿಬ್ಬದಲ್ಲಿ ಒಂದರಲ್ಲೂ ಇಲ್ಲದ ಕಲ್ಲು. ಸಂಶೋಧಕಿಯನ್ನು ಸಾಹೇಬರು ಹಗ್ಗದ ಒಳಗೆ ಬಿಟ್ಟಿಲ್ಲ, ಅವಳಿಗೆ ಕಾಣುವುದು ಹುಲ್ಲಿರುವ ಈ ಕಡೆ ಮಾತ್ರ.

ಊಟ ಸೇರಲಿಲ್ಲ. ಎಂಟು ಜನರ ಕೆಲಸದ ಚಿಂತೆ.

ಮಾರ್ಚ್ 25, ಮಂಗಳವಾರ

ಹೇಳಿಬಿಟ್ಟೆ.

ಹೇಳಬಾರದು ಅಂತಲೇ ಹೋಗಿದ್ದೆ. ಅವಳು ನೆಲದ ಮೇಲೆ ಕೂತು ಆ ಮಣ್ಣಿನ ರಾಶಿಯ ಚಿತ್ರ ಬಿಡಿಸುತ್ತಿದ್ದಳು, ಒಂದೊಂದು ಹುಲ್ಲುಕಡ್ಡಿಯನ್ನೂ ಬಿಡದೆ. "ಅಕ್ಕಾ, ಇದು ವರ್ಷಕ್ಕೆ ಎಷ್ಟು ಬೆಳೆದಿರಬಹುದು?" ಎಂದಳು.

"ಒಂದೇ ದಿನಕ್ಕೆ ಬೆಳೀತು. ಬೆಳಿಗ್ಗೆ ಒಂಬತ್ತರಿಂದ ಊಟದ ಹೊತ್ತಿನ ತನಕ. ಇಬ್ಬರು ಆಳು, ಎರಡು ಗುದ್ದಲಿ. ನಮ್ಮ ಶೌಚಾಲಯ ಕಣಮ್ಮ ಅದು."

ಅವಳು ಪೆನ್ಸಿಲು ಕೆಳಗಿಟ್ಟಳು. ಅಳುತ್ತಾಳೆ ಅಂದುಕೊಂಡೆ. ಆಮೇಲೆ ಬಿದ್ದು ಬಿದ್ದು ನಕ್ಕಳು. "ಇಬ್ಬರು ಪ್ರೊಫೆಸರಿಗೂ ಫೋನ್ ಮಾಡಿ ಹೇಳಿದ್ದೆ ಅಕ್ಕಾ. ಒಬ್ಬರು ಸಂತೋಷಕ್ಕೆ ಅತ್ತರು."

ಹೇಳಿದ್ದಕ್ಕೆ ಕಾರಣ ಸ್ಪಷ್ಟ. ಆ ರಾಶಿ ಪ್ರಕೃತಿಯ ವಿಸ್ಮಯ ಎಂದು ಒಮ್ಮೆ ಘೋಷಣೆಯಾದರೆ ಅಲ್ಲಿ ಶೌಚಾಲಯ ಕಟ್ಟುವ ಹಾಗಿಲ್ಲ. ಬೇಡಿಕೆ ಪಟ್ಟಿಯ ಮೂರನೇ ಅಂಶ ಶಾಶ್ವತವಾಗಿ ಬಿದ್ದುಹೋಗುತ್ತದೆ. ಒಬ್ಬ ಕಾರ್ಯದರ್ಶಿ ಅದನ್ನು ಬಿಟ್ಟುಕೊಡುವುದು ಹೇಗೆ? ಬೇರೆ ಯಾವ ಕಾರಣವೂ ಇಲ್ಲ.

ಸಂಜೆ ಗಂಡನಿಗೆ ಇದನ್ನೇ ಹೇಳಿದೆ. "ಹೌದೌದು, ಶೌಚಾಲಯವೇ" ಎಂದ. ಹೊಸ ಟೇಪು ತಂದಿಟ್ಟಿದ್ದಾನೆ, ನನಗೇ ಅಂತೆ.

ಮಾರ್ಚ್ 26, ಬುಧವಾರ

ಸಾಹೇಬರಿಗೆ ಗೊತ್ತಾಗಿದೆ. ಹಗ್ಗ ಬಿಚ್ಚಿಸಿದರು. "ಏಪ್ರಿಲ್ ಒಂದಕ್ಕೆ ಡಬ್ಬಿ ಬರುತ್ತೆ, ಬರೆದಿಟ್ಟುಕೊಳ್ಳಿ" ಎಂದರು. ಬರೆದಿಟ್ಟಿದ್ದೇನೆ.

ಏಳೂ ಜನ ನನ್ನನ್ನು ಸುತ್ತುಗಟ್ಟಿದರು. ನಾನು ಮೂರನೇ ಅಂಶದ ಬಗ್ಗೆ ವಿವರಿಸಿದೆ. ಗಾಳಿಯವರಲ್ಲೊಬ್ಬ, "ಕೆಲಸವೇ ಇಲ್ಲದ ಮೇಲೆ ಶೌಚಾಲಯಕ್ಕೆ ಬಸ್ಸು ಹಿಡಿದು ಬರೋಣವಾ?" ಎಂದ. ನಾಳೆಗೆ ಉಳಿದಿರುವುದು ಠರಾವೊಂದೇ. ಒಂದಕ್ಷರ ಆಚೀಚೆ ಆಗಬಾರದು ಎಂದು ಎಲ್ಲರಿಂದ ಮಾತು ತೆಗೆದುಕೊಂಡೆ.

ಮಾರ್ಚ್ 27, ಗುರುವಾರ

ಮೇಲಧಿಕಾರಿ ಹನ್ನೊಂದಕ್ಕೆ ಬಂದರು. ಸಣ್ಣ ಆಳು, ಬಿಳಿ ಬೂಟು. ಮೊದಲು ಡಬ್ಬಿ ಕಿವಿಗೆ ಹಾಕಿಕೊಂಡು ಒಂದು ಸುತ್ತು ಹೊಡೆದರು. ಆರು ನಿಮಿಷಕ್ಕೆ ವಾಪಸ್ಸು. "ಚೆನ್ನಾಗಿದೆ, ಚಿಕ್ಕದಾಗಿದೆ" ಎಂದರು. ಸಾಹೇಬರ ಮುಖ ಅರಳಿತು. ನಮ್ಮ ಸರದಿ. ನಾವು ಸಾಲಾಗಿ ನಿಂತೆವು, ಕೊರಳಲ್ಲಿ ದಾರ.

ನಾನು ಮುಂದೆ ಬಂದು ಠರಾವು ಶುರು ಮಾಡಿದೆ. "ಈ ದಿಬ್ಬಗಳು ಮೂಲತಃ ಗಾಳಿಯಿಂದ, ಗೆದ್ದಲಿನ ಸಕ್ರಿಯ..."

"ಒಂದು ನಿಮಿಷ" ಎಂದರು ಅವರು. "ಹಳ್ಳದ ಆಚೆ ಯಾಕೆ ಒಂದೂ ಇಲ್ಲ?"

ಠರಾವು ಮುಂದುವರಿಸಬೇಕಿತ್ತು. ಏಳು ಜೊತೆ ಕಣ್ಣು ನನ್ನ ಬೆನ್ನು ಚುಚ್ಚುತ್ತಿದ್ದವು. ನನ್ನ ಬಾಯಿ ಹೇಳಿದ್ದು: "ಗೊತ್ತಿಲ್ಲ ಸಾರ್. ಎಂಟು ದಿನದಿಂದ ನನಗೂ ಅದೇ ತಲೆ ತಿಂತಾ ಇದೆ. ಬನ್ನಿ, ತೋರಿಸ್ತೀನಿ."

ಹಳ್ಳ ದಾಟಿಸಿದೆ. ಬಿಳಿ ಬೂಟು ಹೋಯಿತು. ವಾಪಸ್ಸು ಬಂದು ನಿಂಬೆಹಣ್ಣಿನ ಕಲ್ಲು, ತೆಂಗಿನಕಾಯಿ ಕಲ್ಲು ತೋರಿಸಿದೆ. ಎತ್ತರದ ಲೆಕ್ಕ ಹೇಳಿದೆ. ಹೆಗ್ಗಣ ಇರಬಹುದಾ ಎಂದೆ. ಅಷ್ಟೇ, ಗೆದ್ದಲಣ್ಣನ ಕಟ್ಟೆ ಒಡೆಯಿತು: "ಹೆಗ್ಗಣ? ಇಪ್ಪತ್ತಾರು ವರ್ಷ ಗೆದ್ದಲು ಅಂದ ಬಾಯಲ್ಲಿ ಹೆಗ್ಗಣ ಅನ್ನಬೇಕಾ ನಾನು?" ಗಾಳಿಯವರು ಮೂವರೂ ಒಟ್ಟಿಗೆ ಕೂಗಿದರು. ಭೂಕಂಪ ಎಲ್ಲಿಟ್ಟುಕೊಂಡಿದ್ದಳೋ, ತಟ್ಟೆ ಚಮಚ ಹೊರತೆಗೆದು ಮೇಲಧಿಕಾರಿಯ ಮೂಗಿನ ಕೆಳಗೇ ಬಡಿದಳು. ಗೋರಿ ಮಾಮ ಒಂದು ಕಡೆಯಿಂದ ಯುದ್ಧ ಶುರು ಮಾಡಿದ. ಸಂಶೋಧಕಿ ಎಲ್ಲರಿಗೂ ಎದುರು ಪ್ರಶ್ನೆ ಹಾಕಿಕೊಂಡು ಓಡಾಡಿದಳು. ಸಾಹೇಬರು ತಲೆ ಹಿಡಿದುಕೊಂಡು ದಿಬ್ಬದ ಮೇಲೆ ಕೂತರು. "ದಿಬ್ಬದ ಮೇಲೆ ಕೂರಬಾರದು!" ಎಂದು ಎಂಟೂ ಜನ ಒಕ್ಕೊರಲಿನಿಂದ ಕೂಗಿದೆವು. ಇಡೀ ದಿನದಲ್ಲಿ ನಾವು ಹೇಳಿದ ಒಂದೇ ಮಾತು ಅದು.

ಆಮೇಲೆ ಮೇಲಧಿಕಾರಿ ಗಂಟಲು ಸರಿಮಾಡಿಕೊಂಡರು. "ನನಗನಿಸುತ್ತೆ, ದೊಡ್ಡ ಪ್ರವಾಹ ಬಂದು, ನೀರು ಸುಳಿ ಸುಳಿಯಾಗಿ ಹರಿದು..."

"ಪ್ರವಾಹ ಐದನೇ ತಾರೀಕಿನ ಸಭೆಯಲ್ಲೇ ಬಿತ್ತು ಸಾರ್" ಎಂದಳು ಭೂಕಂಪ. "ಅನುಮೋದಿಸೋರು ಸಿಗಲಿಲ್ಲ."

"ನಾನು ಅನುಮೋದಿಸ್ತೀನಿ" ಎಂದರು ಅವರು.

"ಸೂಚಿಸಿದವರೇ ಅನುಮೋದಿಸೋ ಹಾಗಿಲ್ಲ" ಎಂದೆ ನಾನು.

ಹನ್ನೊಂದಕ್ಕೆ ಬಂದವರು ಐದಕ್ಕೆ ಹೊರಟರು. ಊಟ ಮರೆತಿದ್ದರು. ಕಾರು ಹತ್ತುವಾಗಲೂ ಕಿಟಕಿಯಿಂದ ಕೈ ಹೊರಹಾಕಿ ಸುಳಿ ತಿರುಗಿಸಿ ತೋರಿಸುತ್ತಿದ್ದರು. ಕೆಲಸದ ಬಗ್ಗೆ ಒಂದು ಮಾತೂ ಆಡಲಿಲ್ಲ.

ಏಪ್ರಿಲ್ 1, ಮಂಗಳವಾರ

ಡಬ್ಬಿ ಬರಲಿಲ್ಲ. ಬದಲಿಗೆ ಆದೇಶ ಬಂತು. ಒಂದೇ ಕಾಗದ, ಎರಡು ಸಾಲು.

ಒಂದು: ದಿಬ್ಬಗಳ ಉಗಮ ಖಚಿತವಾಗುವವರೆಗೆ ಡಬ್ಬಿ ಯೋಜನೆಯನ್ನು ತಡೆಹಿಡಿಯಲಾಗಿದೆ, ಅಲ್ಲಿಯವರೆಗೆ ಎಂಟೂ ಮಾರ್ಗದರ್ಶಕರು ಮುಂದುವರಿಯತಕ್ಕದ್ದು.

ಎರಡು: ಉಗಮ ಖಚಿತಪಡಿಸುವ ಸಲುವಾಗಿ ಒಂದು ದಿಬ್ಬವನ್ನು ಸೀಳಲು ಸಂಶೋಧಕಿಗೆ ಅನುಮತಿ ನೀಡಲಾಗಿದೆ.

ಮೊದಲ ಸಾಲಿಗೆ ಗೋರಿ ಮಾಮ ಕುಣಿದ. ಎರಡನೇ ಸಾಲು ಓದಿದ ಮೇಲೆ ಕೂತ.

ಏಪ್ರಿಲ್ 3, ಗುರುವಾರ

ಸಂಘದ ನಿಲುವು ಸ್ಪಷ್ಟ. ಉತ್ತರ ಸಿಕ್ಕ ದಿನ ನಮ್ಮ ಕೆಲಸ ಹೋಯಿತು. ಆದ್ದರಿಂದ ಉತ್ತರ ಸಿಗಬಾರದು. ಗಾಳಿ, ಗೆದ್ದಲು, ಭೂಕಂಪ, ಗೋರಿ ಎಲ್ಲರೂ ಇದೇ ಮೊದಲ ಬಾರಿ ಒಂದಾಗಿದ್ದಾರೆ. ಏಳಕ್ಕೆ ಏಳು ಮತ. ಅಗೆತ ತಡೆಯುವ ಹೋರಾಟದ ರೂಪುರೇಷೆಗೆ ಸಭೆ ಕರೆಯಲು ಕಾರ್ಯದರ್ಶಿಗೆ ಅಧಿಕಾರ ಕೊಟ್ಟಿದ್ದಾರೆ. ಬಿಡುವವಳಲ್ಲ ನಾನು. ಧಿಕ್ಕಾರದ ಘೋಷಣೆ ನಾಲ್ಕು ಬರೆದಿಟ್ಟಿದ್ದೇನೆ.

ಅಗೆತ ಭಾನುವಾರ ಬೆಳಿಗ್ಗೆ ಏಳಕ್ಕೆ, 131ನೇ ದಿಬ್ಬ. ಆ ನಂಬರು ಸೂಚಿಸಿದ್ದು ನಾನೇ, ಅದರಲ್ಲಿ ಕಲ್ಲು ಜಾಸ್ತಿ. ಪದರ ಪದರದ ಕಲ್ಲು ಅಳೆದು ಬರೆದುಕೊಳ್ಳಲು ಒಬ್ಬರು ಬೇಕು ಎಂದು ಸಂಶೋಧಕಿ ಕೇಳಿದಳು. ಒಪ್ಪಿದ್ದೇನೆ. ಎದುರು ಪಕ್ಷ ಎಷ್ಟು ಆಳಕ್ಕೆ ಹೋಗುತ್ತದೆ ಎಂದು ಸಂಘದ ಪರವಾಗಿ ಯಾರಾದರೂ ಹತ್ತಿರದಿಂದ ನೋಡಬೇಕಲ್ಲ.

ಅಗೆತ ತಡೆಯುವ ಸಭೆ ಅವತ್ತೇ ಬೆಳಿಗ್ಗೆ ಆರಕ್ಕೆ ಎಂದು ಸೂಚನಾಪತ್ರ ಬರೆದೆ. ಆರಕ್ಕೆ ಸಭೆಯಾದರೆ ಏಳಕ್ಕೆ ಅಲ್ಲಿರಲಾಗುವುದಿಲ್ಲ. ಹೊಡೆದುಹಾಕಿ ಹತ್ತಕ್ಕೆ ಎಂದು ಬರೆದೆ. ಹತ್ತಕ್ಕೆ ಇನ್ನೂ ತಳ ಮುಟ್ಟಿರುವುದಿಲ್ಲ.

ಅದನ್ನೂ ಹೊಡೆದುಹಾಕಿದೆ. ಸಭೆ: ಏಪ್ರಿಲ್ 6, ಭಾನುವಾರ, ಸಂಜೆ ಐದು ಗಂಟೆ.